ಬಣ್ಣ ಮತ್ತು ಸಹಜಪ್ರಜ್ಞೆ: ರಘುಬೀರ್ ಸಿಂಗ್ ಅವರ ಛಾಯಾಚಿತ್ರಗಳನ್ನು ಕುರಿತು

ಜೈಪುರದ ಛಾಯಾಗ್ರಾಹಕ ರಘುಬೀರ್ ಸಿಂಗ್ (1942-1999) ತಮ್ಮ ‘ರಿವರ್ ಆಫ್ ಕಲರ್’ (1998) ಸಂಪುಟದ ಪ್ರಸ್ತಾವನೆಯಲ್ಲಿ ವಿವಾದಾಸ್ಪದವಾದ ಪ್ರಮೇಯವೊಂದನ್ನು ಮಂಡಿಸಿದರು. ಕಪ್ಪು-ಬಿಳುಪು ಪಾಶ್ಚಾತ್ಯ ಮನಸ್ಸಿನ ಅಪರಾಧಪ್ರಜ್ಞೆಗೂ ಮೃತ್ಯುಚಿಂತನೆಗೂ ಸೇರಿದ್ದು. ಭಾರತೀಯರಿಗೆ ಬಣ್ಣವೇ ಒಳಗಿನ ಸೆಲೆ ಎಂಬುದು ಅದರ ತಾತ್ಪರ್ಯ.

ಈ ಮಾತಿಗೆ ಚಾರಿತ್ರಿಕ ಹಿನ್ನೆಲೆಯಿದೆ. ಸಿಂಗ್ ಕೆಲಸ ಆರಂಭಿಸಿದ 1960ರ ದಶಕದಲ್ಲಿ ಬಣ್ಣದ ಛಾಯಾಚಿತ್ರವೆಂದರೆ ಜಾಹೀರಾತಿನ ಸರಕು ಎಂಬ ತಾತ್ಸಾರವಿತ್ತು. ವಿಲಿಯಂ ಎಗಲ್‌ಸ್ಟನ್ ಅವರ ಬಣ್ಣದ ಚಿತ್ರಗಳನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಪ್ರದರ್ಶಿಸಿದ್ದು 1976ರಲ್ಲಿ. ಸಿಂಗ್ ಅವರ ಗಂಗೆಯ ಕುರಿತ ಬಣ್ಣದ ಪುಸ್ತಕ 1974ರಲ್ಲೇ ಬಂದಿತ್ತು. ಆದ್ದರಿಂದ ಅವರ ಪ್ರಮೇಯ ಒಬ್ಬ ಕಲಾವಿದನ ಆತ್ಮಸಮರ್ಥನೆಯೂ ಹೌದು.

ಆದರೆ ಅದನ್ನು ಸಂಸ್ಕೃತಿಯ ನಿಯಮವೆಂದು ಒಪ್ಪಲಾಗದು. ಒಪ್ಪಿದರೆ ಮೈಸೂರಿನ ಟಿ. ಎಸ್. ಸತ್ಯನ್ (1923-2009) ಅವರಂಥವರನ್ನು ಎಲ್ಲಿರಿಸುವುದು? ಸಾಮಾನ್ಯರ ದಿನಚರಿಯನ್ನು ಕಪ್ಪು-ಬಿಳುಪಿನಲ್ಲಿ ಹಿಡಿದ ಅವರ ಚಿತ್ರಗಳಲ್ಲಿ ಅಪರಾಧಪ್ರಜ್ಞೆಯ ನೆರಳಿಲ್ಲ. ಅವು ಪರಕೀಯವೂ ಅಲ್ಲ.

ಸಿಂಗ್ ಅವರ ಕೃತಿಗಳೇ ಅವರ ಸಿದ್ಧಾಂತಕ್ಕಿಂತ ಸೂಕ್ಷ್ಮವಾಗಿವೆ. 1967ರಲ್ಲಿ ಬಿಹಾರದ ಮುಂಗೇರ್‌ನಲ್ಲಿ ತೆಗೆದ ಪ್ರಸಿದ್ಧ ಚಿತ್ರವನ್ನು ಗಮನಿಸಬಹುದು. ಮಳೆಗೆ ಸಿಕ್ಕ ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದಾರೆ. ಹಬ್ಬದ ವರ್ಣವೈಭವ ಇಲ್ಲಿಲ್ಲ. ತೊಯ್ದ ಸೀರೆಗಳ ಬಣ್ಣ ಮಳೆಯ ಮಬ್ಬಿನಲ್ಲಿ ತಗ್ಗಿದೆ. ಬಣ್ಣ ಇಲ್ಲಿ ಅಲಂಕಾರವಲ್ಲ, ತೇವದ ಅನುಭವ. ಇದನ್ನು ಕಂಡದ್ದು ‘ಭಾರತೀಯ ಕಣ್ಣು’ ಎಂಬ ಅಮೂರ್ತ ವಸ್ತುವಲ್ಲ, ಒಬ್ಬ ವ್ಯಕ್ತಿಯ ನೋಟ.

ಆ ನೋಟ ಅಭ್ಯಾಸದಿಂದ ರೂಪುಗೊಂಡದ್ದು. 1966ರಲ್ಲಿ ಜೈಪುರದಲ್ಲಿ ಭೇಟಿಯಾದ ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸೋನ್ ಅವರಿಂದ ಸಿಂಗ್ ಕ್ಷಣವನ್ನು ಹಿಡಿಯುವ ಬಗೆಯನ್ನು ಕಲಿತರು. ಬಣ್ಣವನ್ನು ಮೆಚ್ಚದ ಆ ಹಿರಿಯನ ದಾರಿಯನ್ನು ಬಣ್ಣದ ವಿಷಯದಲ್ಲಿ ಮಾತ್ರ ತೊರೆದರು. ಅವರು ಬಳಸಿದ ಕೊಡಕ್ರೋಮ್ ಫಿಲ್ಮು ಬೆಳಕಿನ ಅಳತೆಯಲ್ಲಾದ ತಪ್ಪನ್ನು ಸುಲಭವಾಗಿ ಕ್ಷಮಿಸುತ್ತಿರಲಿಲ್ಲ. ಬಿಸಿಲು, ನೆರಳು, ಬಟ್ಟೆಯ ಬಣ್ಣ ಫಿಲ್ಮಿನ ಮೇಲೆ ಹೇಗೆ ಮೂಡೀತೆಂಬುದನ್ನು ಮೊದಲೇ ಊಹಿಸಿ, ಕ್ಷಣಾರ್ಧದಲ್ಲಿ ನಿರ್ಧರಿಸಬೇಕಿತ್ತು. ಸಹಜಪ್ರಜ್ಞೆಯೆಂದು ನಮಗೆ ತೋರುವುದು ಹೀಗೆ ಪಳಗಿದ ಶಿಸ್ತು.

ಕಲಾವಿದನ ಸಾಧನೆಯನ್ನು ಜನಾಂಗದ ಹುಟ್ಟುಗುಣಕ್ಕೆ ಜಮೆ ಮಾಡಿದರೆ ಅವನ ಆಯ್ಕೆಯೂ ಶ್ರಮವೂ ಮರೆಯಾಗುತ್ತವೆ. ಸಿಂಗ್ ತಮ್ಮ ಬಗ್ಗೆ ತಾವೇ ಹೇಳಿದ ಮಾತಿನಿಂದ ಅವರ ಚಿತ್ರಗಳನ್ನು ಬಿಡಿಸಿ ನೋಡುವುದು ವಿಮರ್ಶೆಯ ಹೊಣೆ.