ಮುಖ ಬೇಡ, ಹಿಮ್ಮಡಿ ತೋರಿಸಿ

ವಾರಕ್ಕೆ ಒಂದಾದರೂ ವಾಟ್ಸ್‌ಆ್ಯಪ್ ಬರುತ್ತದೆ. ಗೋಸುಂಬೆಯೊಂದರ ಮುಖದ ಫೋಟೊ, ಅದರ ಕೆಳಗೆ ‘ಗಂಡಾ ಹೆಣ್ಣಾ ಹೇಳಿ ಸರ್’. ಮುಖವೇನೋ ಚೆನ್ನಾಗಿಯೇ ಇರುತ್ತದೆ. ಒಂದು ಕಣ್ಣು ಕ್ಯಾಮೆರಾ ಕಡೆ, ಇನ್ನೊಂದು ಚಾವಣಿ ಕಡೆ, ಬಾಯಿ ಮಾತ್ರ ಸಾಲ ಕೇಳಲು ಬಂದವನನ್ನು ಕಂಡ ಸಾಹುಕಾರನದರಂತೆ ಬಿಗಿ. ನನ್ನದು ಪ್ರತಿ ಸಲವೂ ಒಂದೇ ಉತ್ತರ: ಮುಖ ಬೇಡ, ಹಿಂಗಾಲಿನ ಹಿಮ್ಮಡಿ ತೋರಿಸಿ.

ನಾನಿರುವ ಕ್ಯಾಲಿಫೋರ್ನಿಯಾದ ಅಂಗಡಿಗಳಲ್ಲಿ ಗೋಸುಂಬೆ ಎಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ವೇಲ್ಡ್ ಕೆಮೀಲಿಯನ್. ಯೆಮನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಮೂಲೆಯ ಬೆಟ್ಟಗುಡ್ಡ ಇದರ ತವರು. ನೆತ್ತಿಯ ಮೇಲೆ ಎತ್ತರಕ್ಕೆ ಎದ್ದ ಎಲುಬಿನ ಏಣು. ಅದರಿಂದಾಗಿಯೇ ‘ಮುಸುಕಿನದು’ ಎಂಬ ಹೆಸರು. ನನಗಂತೂ ಅದನ್ನು ಪಕ್ಕದಿಂದ ನೋಡಿದಾಗಲೆಲ್ಲ ಮಲೆನಾಡಿನ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಹೊರಟವರ ನೆನಪಾಗುತ್ತದೆ. ಈ ಕೊಪ್ಪೆಯ ಎತ್ತರ ನೋಡಿ ಗಂಡು ಹೆಣ್ಣು ಹೇಳುವವರಿದ್ದಾರೆ. ಬೆಳೆದ ಪ್ರಾಣಿಯಲ್ಲಿ ಅದು ನಡೆದೀತು. ಗಂಡಿನದು ಎತ್ತರ, ಹೆಣ್ಣಿನದು ಮೋಟು. ಆದರೆ ಅಂಗಡಿಯಲ್ಲಿ ಮಾರಾಟಕ್ಕಿರುವುದು ಎರಡು ಮೂರು ತಿಂಗಳ ಮರಿ. ಆ ವಯಸ್ಸಿನಲ್ಲಿ ಎಲ್ಲವೂ ಹಸಿರು, ಎಲ್ಲವಕ್ಕೂ ಮೋಟು ಕೊಪ್ಪೆ.

ಹಿಮ್ಮಡಿ ಮಾತ್ರ ಸುಳ್ಳು ಹೇಳುವುದಿಲ್ಲ. ಗಂಡು ಮರಿ ಮೊಟ್ಟೆಯೊಡೆದು ಹೊರಬರುವಾಗಲೇ ಹಿಂಗಾಲಿನ ಹಿಮ್ಮಡಿಯಲ್ಲಿ ಒಂದು ಗುಬುಟು ಹೊತ್ತು ತರುತ್ತದೆ. ಮೊದಲು ಅರ್ಧ ಸಾಸಿವೆ ಕಾಳಿನಷ್ಟು. ಬೆಳೆದಂತೆ ಹುಂಜದ ಕಾಲ್ಮುಳ್ಳನ್ನು ಮೊಂಡು ಮಾಡಿಟ್ಟಂತೆ ಕಾಣುತ್ತದೆ. ಹೆಣ್ಣಿನ ಹಿಮ್ಮಡಿ ನುಣುಪು. ನೋಡಬೇಕೆಂದು ಪ್ರಾಣಿಯನ್ನು ಹಿಡಿದು ಮಗುಚಬೇಡಿ. ಕೊಂಬೆಯ ಮೇಲೆ ಅದರ ಪಾಡಿಗೆ ನಡೆಯಲು ಬಿಟ್ಟು ಹಿಂದೆ ನಿಂತುಕೊಳ್ಳಿ. ಪಾದವನ್ನು ಇಕ್ಕಳದಂತೆ ಕಚ್ಚಿಸಿ ಇನ್ನೊಂದು ಹೆಜ್ಜೆಗೆ ಹಿಂದು ಮುಂದು ತೂಗಾಡುತ್ತದಲ್ಲ, ಆ ಎರಡು ಮೂರು ಸೆಕೆಂಡು ಹಿಮ್ಮಡಿ ನಿಮ್ಮ ಕಡೆಗೇ ಇರುತ್ತದೆ. ಒಂದು ಫೋಟೊ ತೆಗೆದು ಹಿಗ್ಗಿಸಿ ನೋಡಿದರೆ ಮುಗಿಯಿತು.

ಬೇರೆ ಜಾತಿಗಳಿಗೆ ಬೇರೆ ಲೆಕ್ಕ. ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆಗೆ ಈ ಗುಬುಟೇ ಇಲ್ಲ. ಅಲ್ಲಿ ಬಾಲದ ಬುಡ ನೋಡಬೇಕು. ಗಂಡಿನ ಜೋಡಿ ಜನನಾಂಗ ಒಳಗೆ ಮಡಚಿಕೊಂಡಿರುವುದರಿಂದ ಆ ಜಾಗ ಉಬ್ಬಿರುತ್ತದೆ, ಹೆಣ್ಣಿನಲ್ಲಿ ಸಪಾಟಾಗಿ ಬಾಲಕ್ಕೆ ಇಳಿಯುತ್ತದೆ. ಉಬ್ಬು ಕಾಣಲು ಕೆಲವು ತಿಂಗಳು ಕಾಯಬೇಕು. ಆಮೇಲೆ ಬಣ್ಣವೇ ಸಾರಿ ಹೇಳುತ್ತದೆ: ನೋಸಿ ಬೇ ದ್ವೀಪದ ಗಂಡು ನೀಲಿ ಹಸಿರು, ಆಂಬಿಲೋಬೆಯ ಗಂಡಿಗೆ ಕೆಂಪು ನೀಲಿ ಪಟ್ಟೆ, ಹೆಣ್ಣು ಯಾವ ಊರಿನದಾದರೂ ಮಾಸಲು ಕಿತ್ತಳೆ ಇಲ್ಲವೇ ಕಂದು. ಕೀನ್ಯಾದ ಜಾಕ್ಸನ್ ಗೋಸುಂಬೆಯಲ್ಲಿ ಗಂಡಿನ ಮುಖಕ್ಕೆ ಮೂರು ಕೊಂಬು. ಸಾಕುವವರ ಬಳಿ ಹೆಚ್ಚಾಗಿ ಕಾಣುವ ಉಪಜಾತಿಯಲ್ಲಿ ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿಲ್ಲ. ಅದು ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ, ಹಾಗಾಗಿ ಮುಂದೆ ಹೇಳುವ ಬಕೆಟ್ಟಿನ ಗೋಜು ಅದನ್ನು ಸಾಕುವವರಿಗಿಲ್ಲ.

ಮೊಟ್ಟೆಗೆ ಕೊಟ್ಟ ಶಾಖದ ಮೇಲೆ ಗಂಡೋ ಹೆಣ್ಣೋ ಆಗುತ್ತದೆ ಎಂಬ ಮಾತು ಸಾಕುವವರಲ್ಲಿ ಬಹುಕಾಲ ಓಡಾಡಿತು. ಮೊಸಳೆಗೆ ಅದು ನಿಜ. ವೇಲ್ಡ್ ಗೋಸುಂಬೆಯಲ್ಲಿ ಮಾತ್ರ ನಮ್ಮ ಹಾಗೆಯೇ ಎಕ್ಸ್ ವೈ ವರ್ಣತಂತುಗಳ ಲೆಕ್ಕ. ತಮಾಷೆಯೆಂದರೆ ಪ್ಯಾಂಥರ್‌ನದು ಕೋಳಿಯ ಲೆಕ್ಕ. ಅಲ್ಲಿ ಮರಿ ಗಂಡೋ ಹೆಣ್ಣೋ ಎಂಬುದು ತಾಯಿಯ ಕಡೆಯಿಂದ ತೀರ್ಮಾನವಾಗುತ್ತದೆ. ಒಂದೇ ಕುಟುಂಬದೊಳಗೆ ಎರಡು ಪದ್ಧತಿ.

ಗಂಡಾದರೇನು, ಹೆಣ್ಣಾದರೇನು, ಸಾಕುವುದಕ್ಕೆ ತಾನೇ ಎಂದು ಕೇಳುವವರಿಗೆ ಭೀಮನ ಕಥೆ ಹೇಳಬೇಕು. ನನ್ನ ಮೊದಲ ಗೋಸುಂಬೆ ಅದು. ಅಂಗಡಿಯವನು ಗಂಡು ಎಂದ. ಗಂಡಿಗೆ ಬಣ್ಣ ಹೆಚ್ಚು, ಗಿರಾಕಿಯೂ ಹೆಚ್ಚು. ಹಿಮ್ಮಡಿಯ ಗುಟ್ಟು ನನಗೆ ತಿಳಿದಿರಲಿಲ್ಲ. ಏಳನೇ ತಿಂಗಳಲ್ಲಿ ಭೀಮ ಊಟ ಬಿಟ್ಟ. ಸದಾ ಮೇಲಿನ ಕೊಂಬೆಯಲ್ಲಿರುತ್ತಿದ್ದವನು ಕೆಳಗಿಳಿದು ಗೂಡಿನ ಮೂಲೆ ಮೂಲೆ ಕೆರೆಯತೊಡಗಿದ. ತಪ್ಪಿಸಿಕೊಳ್ಳಲು ನೋಡುತ್ತಿದ್ದಾನೆ ಎಂದುಕೊಂಡೆ. ಗೂಡಿನ ತಳಕ್ಕೆ ಮಣ್ಣು ಹಾಕಬೇಡಿ, ತಿಂದು ಹೊಟ್ಟೆ ಕಟ್ಟುತ್ತದೆ ಎಂದು ಹೇಳಿದ್ದರಿಂದ ತಳ ಬರೀ ಪ್ಲಾಸ್ಟಿಕ್. ನಾಲ್ಕು ದಿನ ಪ್ಲಾಸ್ಟಿಕ್ ಕೆರೆದ ಸದ್ದು ರಾತ್ರಿ ಹಾಲ್‌ನಿಂದ ಕೇಳುತ್ತಿತ್ತು. ಐದನೇ ದಿನ ಕಣ್ಣು ಗುಳಿಬಿದ್ದು, ಹಗಲಿನಲ್ಲೇ ರೆಪ್ಪೆ ಮುಚ್ಚಿಕೊಂಡು ನೆಲದ ಮೇಲೆ ಕೂತಿತ್ತು. ಪಶುವೈದ್ಯೆ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು: ಹೊಟ್ಟೆಯ ತುಂಬ ದ್ರಾಕ್ಷಿ ಗೊಂಚಲು. ಶಸ್ತ್ರಚಿಕಿತ್ಸೆ ಮಾಡಿದರು, ಉಳಿಯಲಿಲ್ಲ.

ಹೆಣ್ಣು ಗೋಸುಂಬೆ ಗಂಡಿನ ಮುಖ ನೋಡದೆಯೂ ಮೊಟ್ಟೆ ಕಟ್ಟುತ್ತದೆ. ಹುಂಜವಿಲ್ಲದ ಮನೆಯಲ್ಲಿ ಹೇಂಟೆ ಮೊಟ್ಟೆಯಿಟ್ಟಿದ್ದನ್ನು ಕಂಡವರಿಗೆ ಇದು ಹೊಸದಲ್ಲ. ಆದರೆ ಹೇಂಟೆಗೆ ಒಂದು ಬುಟ್ಟಿ ಸಾಕು, ಗೋಸುಂಬೆಗೆ ಸುರಂಗ ಬೇಕು. ತೋಡಲು ಜಾಗ ಸಿಗದಿದ್ದರೆ ಮೊಟ್ಟೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ, ಹಿಡಿದುಕೊಂಡೇ ಸಾಯುತ್ತದೆ. ಗಂಡೋ ಹೆಣ್ಣೋ ಎಂಬ ಪ್ರಶ್ನೆ ಹೆಸರಿಡುವುದಕ್ಕಲ್ಲ; ಮನೆಯಲ್ಲಿ ಒಂದು ಬಕೆಟ್ ಮರಳು ಇರಬೇಕೋ ಬೇಡವೋ ಎಂಬುದಕ್ಕೆ.

ಬಕೆಟ್ ಒಂದಡಿ ಅಗಲ, ಒಂದಡಿ ಆಳಕ್ಕೆ ಕಡಿಮೆಯಿರಬಾರದು. ತೊಳೆದ ಸಣ್ಣ ಮರಳು ಸಾಕು. ಗೊಬ್ಬರ ಬೆರೆಸಿದ ನರ್ಸರಿ ಮಣ್ಣು ಬೇಡ. ನೀರಿನ ಅಳತೆ ಲೋಟದಲ್ಲಿ ಹೇಳಲಾಗದು, ಅದು ತಂಬಿಟ್ಟಿನ ಹದ: ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಜಿನುಗಬಾರದು. ಬೆರಳು ತೂರಿಸಿ ತೆಗೆದರೆ ತೂತು ಕುಸಿಯದೆ ಉಳಿಯಬೇಕು. ಇಷ್ಟು ಮಾಡಿ ಗೂಡಿನೊಳಗಿಟ್ಟ ಮೇಲೆ ಕಷ್ಟದ ಕೆಲಸ ಬರುತ್ತದೆ, ನೋಡದೆ ಇರುವುದು. ಅವಳು ಮುಂಗಾಲಿನಲ್ಲಿ ಕೆತ್ತಿ ಹಿಂಗಾಲಿನಲ್ಲಿ ಹೊರಗೆ ತಳ್ಳುತ್ತ ಬಾಲದ ಸುರುಳಿಯೂ ಕಾಣದಷ್ಟು ಒಳಗಿಳಿಯುತ್ತಾಳೆ. ಆಗ ಯಾರಾದರೂ ಇಣುಕಿದ್ದು ಕಂಡರೆ ತೋಡಿದ್ದನ್ನು ಬಿಟ್ಟು ಮೇಲೆ ಬರುತ್ತಾಳೆ, ಇನ್ನೊಮ್ಮೆ ಇಳಿಯುತ್ತಾಳೆ ಎಂಬ ಭರವಸೆಯಿಲ್ಲ. ಗೂಡಿಗೆ ಟವೆಲ್ ಹೊದಿಸಿ ನಿಮ್ಮ ಕೆಲಸಕ್ಕೆ ಹೋಗಿ. ಇಟ್ಟು ಮುಗಿಸಿದ ಮೇಲೆ ಮರಳನ್ನು ತಾನೇ ಎಳೆದು ಮುಚ್ಚಿ, ತುಳಿದು ಸಮ ಮಾಡಿ, ಹೊಟ್ಟೆ ಅಂಟಿಕೊಂಡ ಬಾಣಂತಿಯಾಗಿ ಹತ್ತಿ ಬರುತ್ತಾಳೆ. ಮೊದಲು ನೀರು, ಆಮೇಲೆ ಊಟ.

ಒಂದು ಸಲಕ್ಕೆ ಇಪ್ಪತ್ತರಿಂದ ಎಪ್ಪತ್ತು, ಕೆಲವೊಮ್ಮೆ ಇನ್ನೂ ಹೆಚ್ಚು ಮೊಟ್ಟೆ. ಇಲ್ಲೇ ಸಾಕುವವರ ಪ್ರೀತಿ ಶತ್ರುವಾಗುವುದು. ಹೆಚ್ಚು ಬಡಿಸಿದಷ್ಟೂ, ಹೆಚ್ಚು ಬಿಸಿಲು ಕಾಯಿಸಿದಷ್ಟೂ ಹೆಚ್ಚು ಮೊಟ್ಟೆ. ಬೆಳೆದ ಹೆಣ್ಣಿಗೆ ವಾರಕ್ಕೆ ಮೂರು ದಿನ ಮೂರೋ ನಾಲ್ಕೋ ಹುಳು ಸಾಕು. ಮೈ ಕಾಯಿಸುವ ಕೊಂಬೆಯಲ್ಲಿ 27 ಡಿಗ್ರಿ ಸೆಲ್ಸಿಯಸ್ ದಾಟದಿದ್ದರೆ ಒಳ್ಳೆಯದು. ಗಂಡಿಗೆ ಎರಡು ಮೂರು ಡಿಗ್ರಿ ಹೆಚ್ಚಾದರೂ ನಡೆಯುತ್ತದೆ. ಗಂಡು ಆರೇಳು ವರ್ಷ ಬಾಳುವ ಕಡೆ ಹೆಣ್ಣು ಬೇಗ ಹೋಗುವುದು ಈ ಮೊಟ್ಟೆಗಳ ಭಾರಕ್ಕೇ.

ಹುಳು ಎಂದಾಗ ನನ್ನ ಮನೆಯ ಜಗಳವೊಂದನ್ನು ಹೇಳಿಬಿಡುತ್ತೇನೆ. ನಾನು ಶಿಡ್ಲಘಟ್ಟದ ಕಡೆಯವನು. ಇಲ್ಲಿ ಗೋಸುಂಬೆ ಸಾಕುವವರಿಗೆ ರೇಷ್ಮೆ ಹುಳು ಎಂದರೆ ಹಬ್ಬದಡುಗೆ. ಮೆತ್ತಗಿದೆ, ನೀರಿನಂಶ ಹೆಚ್ಚು, ಕೊಬ್ಬು ಕಡಿಮೆ. ಪೋಸ್ಟಿನಲ್ಲಿ ತರಿಸುತ್ತೇವೆ, ಜೊತೆಗೆ ಹಿಪ್ಪುನೇರಳೆ ಸೊಪ್ಪಿನ ಪುಡಿ. ಮೂರನೇ ಜ್ವರ ಎದ್ದ, ಅಂದರೆ ಮೂರನೇ ಸಲ ಪೊರೆ ಕಳಚಿದ, ಹುಳು ಸರಿಯಾದ ಗಾತ್ರ. ಹುಳದ ಮನೆಗೆ ಹಲ್ಲಿ ನುಗ್ಗದಂತೆ ರಾತ್ರಿಯೆಲ್ಲ ಲಾಟೀನು ಹಿಡಿದು ಕಾದವರು ನನ್ನಮ್ಮ. ಕಳೆದ ವರ್ಷ ಇಲ್ಲಿಗೆ ಬಂದಾಗ ಮಗ ದುಡ್ಡು ಕೊಟ್ಟು ಹುಳು ತರಿಸಿ ಹಲ್ಲಿಯ ನೆಂಟನಿಗೆ ತಿನ್ನಿಸುವುದನ್ನು ಕಂಡು ಎರಡು ದಿನ ಮಾತು ಬಿಟ್ಟಿದ್ದರು. ಮೂರನೇ ದಿನ ಹಿತ್ತಲಿನ ದಾಸವಾಳದ ಹೂವನ್ನು ಅವರೇ ಕಿತ್ತು ಗೂಡಿನೊಳಗೆ ಹಿಡಿದರು. ವೇಲ್ಡ್ ಗೋಸುಂಬೆ ಹುಳುವಿನ ಜೊತೆ ಸೊಪ್ಪು ಹೂವನ್ನೂ ಮೇಯುವ ಜಾತಿ. ಅಮ್ಮನ ಕೈಯಿಂದ ಅದು ಎಸಳೆಸಳಾಗಿ ಕಿತ್ತು ತಿಂದಿತು. ಅಮ್ಮ ಪೂರ್ತಿ ರಾಜಿಯಾಗಿಲ್ಲ, ಹೂವಿನ ಮಟ್ಟಿಗೆ ಒಪ್ಪಂದ.

ಮಿಕ್ಕಿದ್ದು ಗಂಡು ಹೆಣ್ಣು ಎರಡಕ್ಕೂ ಒಂದೇ. ಎರಡಡಿ ಉದ್ದ, ಎರಡಡಿ ಅಗಲ, ನಾಲ್ಕಡಿ ಎತ್ತರದ ಜಾಲರಿ ಗೂಡು, ಒಂದಕ್ಕೆ ಒಂದೇ ಪ್ರಾಣಿ. ಜೋಡಿ ಇಟ್ಟರೆ ಸಂಸಾರ ನಡೆಸುತ್ತವೆ ಎಂದುಕೊಳ್ಳಬೇಡಿ, ಒಂದು ಇನ್ನೊಂದನ್ನು ನೋಡಿಯೇ ಸೊರಗುತ್ತದೆ. ಬಟ್ಟಲಿನ ನೀರು ಅದರ ಪಾಲಿಗೆ ಇಲ್ಲದಂತೆಯೇ; ಎಲೆಯ ಮೇಲೆ ಹನಿ ಬೀಳಬೇಕು. ನೇರಳಾತೀತ ಕಿರಣ ಕೊಡುವ ಉದ್ದ ಟ್ಯೂಬ್‌ಲೈಟನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಬೆಳಕು ಬರುತ್ತಿದ್ದರೂ ಕಿರಣದ ಶಕ್ತಿ ಕುಂದಿರುತ್ತದೆ. ಆ ಕಿರಣವೂ ಹುಳುವಿಗೆ ಉದುರಿಸುವ ಕ್ಯಾಲ್ಸಿಯಂ ಪುಡಿಯೂ ತಪ್ಪಿದರೆ ದವಡೆ ರಬ್ಬರಿನಂತಾಗಿ ಕಾಲು ಬಾಗುತ್ತವೆ.

ಬಣ್ಣದ ಬಗ್ಗೆ ನಮ್ಮ ಭಾಷೆ ಗೋಸುಂಬೆಗೆ ಅನ್ಯಾಯ ಮಾಡಿದೆ. ಪಕ್ಷ ಬಿಟ್ಟವರನ್ನೆಲ್ಲ ಅದಕ್ಕೆ ಹೋಲಿಸುತ್ತೇವೆ. ಆ ಜನ ಬಣ್ಣ ಬದಲಿಸುವುದು ಮನಸ್ಸು ಮುಚ್ಚಿಡಲು, ಗೋಸುಂಬೆ ಬದಲಿಸುವುದು ಮನಸ್ಸು ತೋರಿಸಲು. ಚರ್ಮದ ಕೋಶಗಳಲ್ಲಿರುವ ಅತಿ ಸಣ್ಣ ಹರಳುಗಳ ನಡುವಿನ ಅಂತರ ಹಿಗ್ಗಿ ಕುಗ್ಗುವುದರಿಂದ ಬಣ್ಣ ಬದಲಾಗುತ್ತದೆ ಎಂದು 2015ರಲ್ಲಿ ಜಿನೀವಾದ ವಿಜ್ಞಾನಿಗಳು ಪ್ಯಾಂಥರ್ ಗೋಸುಂಬೆಯಲ್ಲಿ ತೋರಿಸಿಕೊಟ್ಟರು. ಮೊಟ್ಟೆ ಹೊತ್ತ ವೇಲ್ಡ್ ಹೆಣ್ಣು ಕಡುಗಪ್ಪಾಗಿ, ಮೈಮೇಲೆ ಹಳದಿ ನೀಲಿ ಚುಕ್ಕೆ ಎಬ್ಬಿಸಿ, ಹತ್ತಿರ ಬಂದ ಗಂಡಿಗೆ ದೂರ ನಿಲ್ಲು ಎನ್ನುತ್ತದೆ. ಭೀಮನ ಮೈಮೇಲೂ ಆ ಚುಕ್ಕೆಗಳಿದ್ದವು. ನಾನು ಅದನ್ನು ಗಂಡಿನ ಠೀವಿ ಎಂದು ಓದಿದ್ದೆ.

ಊರಿನಲ್ಲಿ ಓದುತ್ತಿರುವವರು ಬೇಲಿಯ ಮೇಲಿನ ಗೋಸುಂಬೆಯನ್ನು ದಯವಿಟ್ಟು ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಬೆಂಗಳೂರಿನಲ್ಲಿ ವಿದೇಶಿ ಜಾತಿ ಕೊಳ್ಳುವವರು ಕಾಗದಪತ್ರ ಕೇಳಿ ಪಡೆಯಿರಿ. 2024ರ ನಿಯಮದಂತೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಅಂದಹಾಗೆ ನಮ್ಮ ಗೋಸುಂಬೆಯ ಹಳೆಯ ವೈಜ್ಞಾನಿಕ ಹೆಸರಿನಲ್ಲಿ ‘ಕ್ಯಾಲ್ಕರೇಟಸ್’ ಎಂಬ ಪದವಿತ್ತು. ಲ್ಯಾಟಿನ್ನಿನಲ್ಲಿ ಕಾಲ್ಮುಳ್ಳುಳ್ಳದ್ದು ಎಂದು ಅರ್ಥ. ಹೆಸರಿಟ್ಟವರೂ ಹಿಮ್ಮಡಿ ನೋಡಿದ್ದರು.

ಹೋದ ತಿಂಗಳು ಫ್ರೀಮಾಂಟ್‌ನ ಗೆಳೆಯರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಅವರ ಹತ್ತು ವರ್ಷದ ಮಗಳ ಗೋಸುಂಬೆಯ ಹೆಸರು ರಾಜ. ಅದು ಜಾಲರಿ ಹತ್ತುವಾಗ ಹಿಂದಿನಿಂದ ನೋಡಿದೆ, ಎರಡೂ ಹಿಮ್ಮಡಿ ನುಣುಪು. ಹೊಟ್ಟೆಯ ಬದಿಯಲ್ಲಿ ಅವರೆಕಾಳು ತುಂಬಿದ ಚೀಲದಂತೆ ಉಬ್ಬು ತಗ್ಗು. ಊಟ ಅರ್ಧಕ್ಕೆ ಬಿಟ್ಟು ಗೆಳೆಯರನ್ನು ಹೊರಡಿಸಿಕೊಂಡು ಬಕೆಟ್ಟಿಗೂ ಮರಳಿಗೂ ಹೋದೆ. ಬುಧವಾರ ರಾತ್ರಿ ಫೋನು ಬಂತು, ಟವೆಲಿನ ಹಿಂದೆ ಮರಳು ಬಕೆಟ್ಟಿನ ಗೋಡೆಗೆ ಸಿಡಿಯುವ ಸದ್ದು ಕೇಳಿಸಿದರು. ಮೂವತ್ತೊಂದು ಮೊಟ್ಟೆ. ಹೆಸರು ಬದಲಿಸಲು ಮಗಳು ಒಪ್ಪಿಲ್ಲ. ಮರುದಿನ ಬೆಳಿಗ್ಗೆ ಅವಳೇ ಕಳಿಸಿದ ಫೋಟೊದಲ್ಲಿ ರಾಜ ಕೊಪ್ಪೆಗೆಲ್ಲ ಮರಳು ಮೆತ್ತಿಕೊಂಡು ಮನಿಪ್ಲಾಂಟಿನ ಎಲೆಯ ತುದಿಯಿಂದ ನೀರು ಕುಡಿಯುತ್ತಿದ್ದಾಳೆ.