ಗಿರಾಕಿಯಿಲ್ಲದ ಕುಲುಮೆ: ಆನ್‌ಲೈನ್ ಆಟಗಳಲ್ಲಿ ಕ್ರಾಫ್ಟಿಂಗ್‌ನ ಬೆಲೆ

ಆನ್‌ಲೈನ್ ಆಟಗಳ ಬಗ್ಗೆ ಕರ್ನಾಟಕದಲ್ಲಿ ನಡೆದ ಚರ್ಚೆ ಬಹುಮಟ್ಟಿಗೆ ಹಣದ ಸುತ್ತಲೇ ತಿರುಗಿದೆ. ಹಣ ಕಟ್ಟಿ ಆಡುವ ಆಟಗಳನ್ನು ತಡೆಯಲು ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದದ್ದು, ಅದರ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿದ್ದು, 2025ರಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾನೂನನ್ನೇ ಮಾಡಿದ್ದು ಎಲ್ಲರಿಗೂ ತಿಳಿದ ಸಂಗತಿಗಳು. ಆಟವೊಂದು ಸಾಲ ಮಾಡಿಸುತ್ತದೆಯೇ ಇಲ್ಲವೇ ಎಂಬ ಪ್ರಶ್ನೆ ಮುಖ್ಯವೇ ಆದರೂ, ಆಟವನ್ನು ಒಂದು ಕೃತಿಯೆಂದು ಭಾವಿಸಿ ಅದರ ಕಟ್ಟೋಣ ಗಟ್ಟಿಯಾಗಿದೆಯೇ, ಅದು ಆಡುವವನ ಬುದ್ಧಿಯನ್ನು ಗೌರವಿಸುತ್ತದೆಯೇ ಎಂದು ಕೇಳುವ ವಿಮರ್ಶೆ ಈ ಗದ್ದಲದಲ್ಲಿ ಬೆಳೆಯಲಿಲ್ಲ. ಅಂಥ ವಿಮರ್ಶೆಗೆ ತಕ್ಕ ವಸ್ತುವೆಂದರೆ ಕ್ರಾಫ್ಟಿಂಗ್.

ಅನೇಕರು ಏಕಕಾಲಕ್ಕೆ ಒಂದೇ ಕಲ್ಪಿತ ಲೋಕವನ್ನು ಹೊಕ್ಕು, ತಲಾ ಒಂದು ಪಾತ್ರ ವಹಿಸಿ ಆಡುವ ಆಟಗಳಲ್ಲಿ ಅದಿರು, ಮರ, ತೊಗಲು, ಗಿಡಮೂಲಿಕೆಗಳನ್ನು ಕೂಡಿಹಾಕಿ ಅವುಗಳಿಂದ ಕತ್ತಿ, ಕವಚ, ಮದ್ದುಗಳನ್ನು ತಯಾರಿಸುವ ಕಸಬಿಗೆ ಕ್ರಾಫ್ಟಿಂಗ್ ಎಂದು ಹೆಸರು. 1997ರ ಅಲ್ಟಿಮಾ ಆನ್‌ಲೈನ್ ಕಾಲದಿಂದಲೂ ಈ ಬಗೆಯ ಆಟಗಳಲ್ಲಿ ಇದು ತಪ್ಪದ ಅಂಗವಾಗಿ ಬಂದಿದ್ದು, ಯುದ್ಧ ಬೇಡದವರಿಗೆ ಇದೊಂದು ಶಾಂತವಾದ, ಸ್ವಾವಲಂಬಿಯಾದ, ಸೃಜನಶೀಲವಾದ ದಾರಿ ಎಂಬ ಕೀರ್ತಿಯನ್ನೂ ಗಳಿಸಿದೆ. ಹಿರೇಕೆರೂರಿನಂಥ ತಾಲ್ಲೂಕು ಪಟ್ಟಣದ ಮಟ್ಟಿಗೆ ಇದು ದೂರದ ಮಾತಲ್ಲ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ 2018ರಲ್ಲಿ, ಆಲ್ಬಿಯನ್ ಆನ್‌ಲೈನ್ 2021ರಲ್ಲಿ ಫೋನಿಗೆ ಬಂದ ಮೇಲೆ ದುಬಾರಿ ಕಂಪ್ಯೂಟರ್ ಇಲ್ಲದವರೂ ಇಂಥ ಲೋಕಗಳ ಒಳಹೊಗಬಹುದಾಗಿದೆ. ಹೊಲದ ಕೆಲಸವನ್ನೋ ಅಂಗಡಿಯ ಲೆಕ್ಕವನ್ನೋ ಕಾಲೇಜಿನ ಓದನ್ನೋ ಮುಗಿಸಿ ರಾತ್ರಿ ಒಂದು ಗಂಟೆ ಬಿಡುವು ಮಾಡಿಕೊಳ್ಳುವ ತರುಣ ಅಥವಾ ತರುಣಿ ಆ ಗಂಟೆಯನ್ನು ಕುಲುಮೆಯ ಮುಂದೆ ಕಳೆಯಬೇಕೇ ಎಂಬುದು ಇಲ್ಲಿಯ ಪ್ರಶ್ನೆ. ಬಹುಪಾಲು ಆಟಗಳ ಮಟ್ಟಿಗೆ ಕಳೆಯಬಾರದು ಎಂಬುದೇ ಉತ್ತರ. ಕ್ರಾಫ್ಟಿಂಗ್‌ಗೆ ಸಂದಿರುವ ಕೀರ್ತಿ ಅದರ ಯೋಗ್ಯತೆಗಿಂತ ತೀರ ಹೆಚ್ಚಿನದು.

ಈ ಮಾತನ್ನು ಸಮರ್ಥಿಸಲು ಒಂದೇ ಒಂದು ವಸ್ತುವನ್ನು ಹಿಡಿದು ನೋಡಿದರೆ ಸಾಕು. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬುದು ಇಂಗ್ಲೆಂಡಿನ ಕೇಂಬ್ರಿಜ್‌ನ ಜಾಗೆಕ್ಸ್ ಸಂಸ್ಥೆ ತನ್ನ ಆಟದ 2007ರ ರೂಪವನ್ನು 2013ರಲ್ಲಿ ಮತ್ತೆ ತೆರೆದು ಬೆಳೆಸಿದ ಲೋಕ. ಅದರಲ್ಲಿ ರೂನ್ ಪ್ಲೇಟ್‌ಬಾಡಿ ಎಂಬ ಎದೆಕವಚವಿದೆ. ಇದನ್ನು ಬಡಿಯಲು ರೂನೈಟ್ ಲೋಹದ ಐದು ಗಟ್ಟಿಗಳು ಬೇಕು. ಒಂದೊಂದು ಗಟ್ಟಿಗೂ ಒಂದು ರೂನೈಟ್ ಅದಿರು ಮತ್ತು ಎಂಟು ಕಲ್ಲಿದ್ದಲು ಬೇಕಾಗುವುದರಿಂದ ಒಂದು ಕವಚದ ಹಿಂದೆ ಐದು ಅದಿರು, ನಲವತ್ತು ಕಲ್ಲಿದ್ದಲು ಇರುತ್ತವೆ. ಅದಿರನ್ನು ಅಗೆಯಲು ಗಣಿಗಾರಿಕೆಯಲ್ಲಿ 85ನೆಯ ಲೆವೆಲ್, ಕರಗಿಸಲು ಕಂಬಾರಿಕೆಯಲ್ಲಿ 85ನೆಯ ಲೆವೆಲ್, ಕವಚ ಬಡಿಯಲು 99ನೆಯ ಲೆವೆಲ್ ಬೇಕು. ಲೆವೆಲ್ ಎಂದರೆ ಮಾಡಿದ ಕೆಲಸಕ್ಕೆ ಆಟ ಕೊಡುವ ಅನುಭವದ ಅಂಕಗಳು ಕೂಡಿ ಏರಿಸುವ ಮೆಟ್ಟಿಲು, ಮತ್ತು 99 ಅದರ ಕೊನೆಯ ಮೆಟ್ಟಿಲು. ಅಲ್ಲಿಗೆ ಏರಲು 1,30,34,431 ಅಂಕಗಳು ಬೇಕಾಗುತ್ತವೆ.

ಇನ್ನು ಈ ಕವಚವನ್ನು ತೊಡುವವನ ಕಡೆಗೆ ನೋಡಬೇಕು. ತೊಡಲು ರಕ್ಷಣೆಯ ಕೌಶಲದಲ್ಲಿ 40ನೆಯ ಲೆವೆಲ್, ಜೊತೆಗೆ ಒಂದು ಡ್ರ್ಯಾಗನ್ನನ್ನು ಕೊಲ್ಲುವ ಕಥಾಭಾಗವನ್ನು ಮುಗಿಸಿರುವುದು, ಇಷ್ಟೇ ಸಾಕು. 40ನೆಯ ಲೆವೆಲ್ಲಿಗೆ ಬೇಕಾದ ಅಂಕಗಳು 37,224. ತೊಡುವವನು ಏರುವ ಎತ್ತರದ ಸುಮಾರು 350 ಪಟ್ಟು ಎತ್ತರವನ್ನು ಮಾಡುವವನು ಏರಬೇಕೆಂದಾಯಿತು. ಬೇರೆ ಬೇರೆ ಕೌಶಲಗಳಲ್ಲಿ ಅಂಕ ಸೇರುವ ವೇಗ ಬೇರೆಯಾದುದರಿಂದ ಇದನ್ನು ಗಂಟೆಗಳ ಲೆಕ್ಕವೆಂದು ತಿಳಿಯಬೇಕಾಗಿಲ್ಲ. ಆದರೆ ತನಗೆ ಬೇಕಾದ ಕವಚವನ್ನು ತಾನೇ ಮಾಡಿಕೊಳ್ಳುತ್ತೇನೆ ಎಂದು ಕಸಬು ಹಿಡಿದವನು, ಮಾಡಲು ಕಲಿಯುವ ಹೊತ್ತಿಗೆ ಅದರ ಅಗತ್ಯವನ್ನು ಎಂದೋ ದಾಟಿರುತ್ತಾನೆ ಎಂಬುದರಲ್ಲಿ ಸಂಶಯವಿಲ್ಲ. ಸ್ವಾವಲಂಬನೆಯ ಕೀರ್ತಿ ಮೊದಲ ಪರೀಕ್ಷೆಯಲ್ಲೇ ಬೀಳುತ್ತದೆ.

ಹಾಗಾದರೆ ಆ ಕವಚಕ್ಕೆ ಗಿರಾಕಿ ಯಾರು? ಈ ಆಟದಲ್ಲಿ 55ನೆಯ ಲೆವೆಲ್ಲಿನ ಮಾಂತ್ರಿಕನಿಗೆ ದಕ್ಕುವ ಒಂದು ಮಂತ್ರವಿದ್ದು, ಅದು ಬಹುತೇಕ ಯಾವುದೇ ವಸ್ತುವನ್ನು ಅದರ ನಿಗದಿತ ಮೌಲ್ಯದ ನೂರಕ್ಕೆ 60ರಷ್ಟು ನಾಣ್ಯಗಳನ್ನಾಗಿ ಮಾರ್ಪಡಿಸುತ್ತದೆ. ಕವಚದ ನಿಗದಿತ ಮೌಲ್ಯ 65,000 ನಾಣ್ಯ. ಮಂತ್ರ ಹಾಕಿದರೆ 39,000. ಸಂತೆಯಲ್ಲಿ ಕವಚದ ಬೆಲೆ ಇದಕ್ಕಿಂತ ಕೆಳಗಿಳಿದರೆ ಮಾಂತ್ರಿಕರು ಕೊಂಡು ನಾಣ್ಯವಾಗಿಸುತ್ತಾರೆ. ತೊಡುವವರ ಬೇಡಿಕೆ ಅಲ್ಪವಾಗಿರುವುದರಿಂದ ಬೆಲೆ ಮೇಲೆಯೂ ಹೋಗುವುದಿಲ್ಲ. ಹೀಗೆ ಅತ್ಯುನ್ನತ ಕಂಬಾರನ ಅತ್ಯುನ್ನತ ಕೆಲಸದ ಬೆಲೆಯನ್ನು ನಿರ್ಧರಿಸುವುದು ಯೋಧನ ಎದೆಯಲ್ಲ, ಅದನ್ನು ಇಲ್ಲವಾಗಿಸುವ ಮಂತ್ರ. ಇಷ್ಟು ಸಾಲದೆಂಬಂತೆ ರಾಕ್ಷಸರನ್ನು ಕೊಂದಾಗಲೂ ರೂನ್ ಲೋಹದ ಆಯುಧ, ಕವಚಗಳು ಉದುರುತ್ತವೆ. ಅನುಭವದ ಅಂಕಗಳ ಆಸೆಗೆ ನಷ್ಟವಾದರೂ ಸರಿಯೆಂದು ಬಡಿಯುವವರು ಇರುವವರೆಗೆ, ಗಟ್ಟಿಯ ಬೆಲೆಗೂ ಅದರಿಂದಾದ ಮಾಲಿನ ಬೆಲೆಗೂ ನಡುವೆ ಕಸಬುದಾರನಿಗೆ ಉಳಿಯುವ ಅಂತರ ತೆಳುವಾಗುತ್ತಲೇ ಹೋಗುತ್ತದೆ.

ಬೆಲೆಯ ಮಾತು ಹಾಗಿರಲಿ, ಕೈ ಏನು ಮಾಡುತ್ತದೆ ಎಂಬುದನ್ನೂ ಗಮನಿಸಬೇಕು. ಆಟಗಾರನ ಚೀಲದಲ್ಲಿ 28 ಸ್ಥಳಗಳಿವೆ. ಒಂದರಲ್ಲಿ ಸುತ್ತಿಗೆ, 25ರಲ್ಲಿ ಗಟ್ಟಿಗಳು. ವ್ಯಾರಕ್ ಪಟ್ಟಣದ ಪಶ್ಚಿಮ ಬ್ಯಾಂಕಿನ ಬಳಿಯ ಅಡಿಗಲ್ಲನ್ನು ಒತ್ತಿ, ತೆರೆಯುವ ಪಟ್ಟಿಯಲ್ಲಿ ಕವಚದ ಚಿತ್ರವನ್ನು ಮುಟ್ಟಿದರೆ ಐದು ಕವಚಗಳು ಒಂದರ ಹಿಂದೊಂದು ತಾವಾಗಿಯೇ ಆಗುತ್ತವೆ. ಮತ್ತೆ ಬ್ಯಾಂಕು, ಮತ್ತೆ 25 ಗಟ್ಟಿ, ಮತ್ತೆ ಅಡಿಗಲ್ಲು. ಬೆಂಕಿ ಎಷ್ಟಿರಬೇಕು, ಲೋಹ ಯಾವಾಗ ಹದಕ್ಕೆ ಬಂತು, ಎಲ್ಲಿ ಪೆಟ್ಟು ಬೀಳಬೇಕು ಎಂಬ ಯಾವ ನಿರ್ಧಾರವೂ ಇಲ್ಲಿಲ್ಲ. ನಿಪುಣ ಮಾಡಿದ ಕವಚಕ್ಕೂ ಇನ್ನೊಬ್ಬ ಮಾಡಿದ ಕವಚಕ್ಕೂ ಕೂದಲೆಳೆಯಷ್ಟು ಅಂತರವಿಲ್ಲ. ಈ ಬರಡುತನ ಆಟ ಕಟ್ಟಿದವರಿಗೂ ಕಂಡಿರಬೇಕು. 2022ರಲ್ಲಿ ಅವರು ಸೇರಿಸಿದ ಜೈಂಟ್ಸ್ ಫೌಂಡ್ರಿ ಎಂಬ ಕುಲುಮೆಯಲ್ಲಿ ಎರಡು ಲೋಹಗಳನ್ನು ಬೆರೆಸುವುದು, ಅಚ್ಚು ಆರಿಸುವುದು, ಶಾಖವನ್ನು ಏರಿಸಿ ಇಳಿಸಿ ಕತ್ತಿಯನ್ನು ಹದಗೊಳಿಸುವುದು ಎಲ್ಲವೂ ಇವೆ. ಆದರೆ ಆ ಕತ್ತಿ ಹೋಗುವುದು ಕೋವಾಕ್ ಎಂಬ ದೈತ್ಯನಿಗೆ. ಆತ ಗುಣ ನೋಡಿ ಅಂಕ ಕೊಡುತ್ತಾನೆ, ಆಟಗಾರರ ಲೋಕದಲ್ಲಿ ಯಾರೂ ಅದನ್ನು ಹಿಡಿದು ಹೋರಾಡುವುದಿಲ್ಲ. ಹದ ಬಂದ ಕಡೆ ಬಳಕೆಯಿಲ್ಲ, ಬಳಕೆಯಿರುವ ಕಡೆ ಹದವಿಲ್ಲ.

ಈ ಕೊರತೆಯನ್ನು ಎತ್ತಿ ತೋರಿಸಬೇಕಾಗಿದ್ದ ವಿದ್ವಾಂಸರು ಬೇರೆ ಕಡೆ ನೋಡುತ್ತ ಕುಳಿತದ್ದು ದೊಡ್ಡ ನಷ್ಟ. ಎಡ್ವರ್ಡ್ ಕ್ಯಾಸ್ಟ್ರೊನೊವಾ ಎಂಬ ಅರ್ಥಶಾಸ್ತ್ರಜ್ಞ 2001ರ ಪ್ರಬಂಧವೊಂದರಲ್ಲಿ ಎವರ್‌ಕ್ವೆಸ್ಟ್ ಆಟದ ಕಲ್ಪಿತ ಲೋಕದ ತಲಾ ಉತ್ಪನ್ನವನ್ನು ಅಂದಾಜು ಮಾಡಿ, ಅದು ರಷ್ಯ ಮತ್ತು ಬಲ್ಗೇರಿಯಗಳ ನಡುವೆ ನಿಲ್ಲುತ್ತದೆ ಎಂದು ತೋರಿಸಿದರು. ಅಂದಿನಿಂದ ಆಟದೊಳಗಿನ ವಸ್ತುವಿನ ಮೌಲ್ಯವೆಂದರೆ ಅದು ತರುವ ಬೆಲೆ ಎಂಬ ಎಣಿಕೆ ಬೇರೂರಿತು. ಗಂಟೆಗೆ ಎಷ್ಟು ನಾಣ್ಯ ಎಂಬ ಒಂದೇ ಅಳತೆಗೋಲು ಹಿಡಿದು ಕಸಬುಗಳನ್ನು ತೂಗುವವರು ಈ ಎಣಿಕೆಯ ವಾರಸುದಾರರೇ. ನಿಕ್ ಯೀ ಎಂಬ ಸಂಶೋಧಕರು 2006ರಲ್ಲಿ ಇದರ ಎದುರು ದಿಕ್ಕಿನಿಂದ ಬಂದು, ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಆಟದಲ್ಲಿ ಔಷಧಿ ತಯಾರಿಸುವವರನ್ನು ಉದಾಹರಿಸಿ, ವಿನೋದದ ಹೆಸರಿನಲ್ಲಿ ಆಟಗಳು ದುಡಿಮೆಯನ್ನೇ ಮಾಡಿಸುತ್ತಿವೆ ಎಂದು ವಾದಿಸಿದರು. ಇವರಿಬ್ಬರ ಮಾತುಗಳೂ ಹೊರಗಿನ ಲೆಕ್ಕಗಳು. ಯೀ ಅವರ ವಾದದ ದೌರ್ಬಲ್ಯವಂತೂ ಅವರು ಆರಿಸಿಕೊಂಡ ಉದಾಹರಣೆಯಲ್ಲೇ ಇದೆ. 2003ರಲ್ಲಿ ಬಂದ ಆ ಆಟದಲ್ಲಿ ಗ್ರಹಗ್ರಹಗಳಲ್ಲಿ ಸಿಗುವ ಕಚ್ಚಾವಸ್ತುಗಳ ಗುಣ ಒಂದೇ ಆಗಿರಲಿಲ್ಲ; ಒಂದು ಒಳ್ಳೆಯ ಖನಿಜ ಕೆಲವು ದಿನ ಕಾಣಿಸಿಕೊಂಡು ಮರೆಯಾಗುತ್ತಿತ್ತು; ಯಾವುದನ್ನು ಕೂಡಿಡಬೇಕು, ಯಾವುದರೊಡನೆ ಬೆರೆಸಬೇಕು ಎಂದು ತಯಾರಕ ತೀರ್ಮಾನಿಸಬೇಕಿತ್ತು; ಮಾಡಿದ ಮಾಲು ಬಳಸಿದಂತೆ ಸವೆಯುತ್ತಿತ್ತು. ಹೀಗೆ ವಿವೇಚನೆಗೆ ಅತಿ ಹೆಚ್ಚು ಎಡೆ ಕೊಟ್ಟ ಕ್ರಾಫ್ಟಿಂಗನ್ನೂ ಅಡಿಗಲ್ಲಿನ ಮುಂದೆ 25 ಗಟ್ಟಿಗಳನ್ನು ಸುರಿಯುವ ಕ್ರಾಫ್ಟಿಂಗನ್ನೂ ದುಡಿಮೆ ಎಂಬ ಒಂದೇ ಗೋಣಿಗೆ ತುಂಬುವ ಸಿದ್ಧಾಂತಕ್ಕೆ ಕಸಬನ್ನು ವಿಮರ್ಶಿಸುವ ಶಕ್ತಿಯಿಲ್ಲ. ಶ್ರಮವಿದೆಯೇ ಎಂಬುದಕ್ಕಿಂತ ಆ ಶ್ರಮದಲ್ಲಿ ಮಾಡುವವನ ತೀರ್ಮಾನಕ್ಕೆ ಸ್ಥಾನವಿದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಕನ್ನಡದಲ್ಲಿ ಇನ್ನೊಂದು ಬಗೆಯ ಗೊಂದಲಕ್ಕೆ ಅವಕಾಶವಿದೆ. ಹೆಗ್ಗೋಡಿನ ರಂಗಕರ್ಮಿ ಪ್ರಸನ್ನ ಅವರು ಕೈಉತ್ಪನ್ನಗಳ ಮೇಲೆ ಜಿಎಸ್‌ಟಿ ಕೂಡದೆಂದು 2017ರಲ್ಲಿ ಸತ್ಯಾಗ್ರಹ ನಡೆಸಿದ ಮೇಲೆ ಕೈಕೆಲಸದ ಘನತೆಯ ಮಾತು ನಾಡಿನಲ್ಲಿ ಮತ್ತೆ ಬಲ ಪಡೆಯಿತು. ಆ ಮಾತನ್ನು ಆಟದೊಳಗಿನ ತಯಾರಿಕೆಗೂ ಎಳೆದು ತಂದು, ಕತ್ತಿ ಕೊಳ್ಳುವುದಕ್ಕಿಂತ ತಾನೇ ಮಾಡಿಕೊಳ್ಳುವುದು ಶ್ರೇಷ್ಠ ಎನ್ನುವುದು ಸಲೀಸು. ಆದರೆ ಅದು ಕೈಕೆಲಸಕ್ಕೇ ಮಾಡುವ ಅನ್ಯಾಯ. ಕೈಮಗ್ಗದ ಬಟ್ಟೆಯ ಘನತೆ ಅದನ್ನು ನೇಯ್ದವರ ಬದುಕಿಗೂ ಉಡುವವರ ಮೈಗೂ ಇರುವ ನಂಟಿನಿಂದ ಬರುತ್ತದೆ. ಆ ನಂಟನ್ನೇ ಕಡಿದ ಮೇಲೆ ಉಳಿಯುವುದು ಬೆರಳಿನ ಚಲನೆ ಮಾತ್ರ.

ನಂಟು ಎಂದರೇನು ಎಂಬುದಕ್ಕೆ ಹಿರೇಕೆರೂರು ಸೀಮೆಯ ಹಳ್ಳಿಗಳ ಆಯಗಾರ ಪದ್ಧತಿಯೇ ಸಾಕ್ಷಿ. ಊರಿನ ಕಸಬುದಾರರು ವರ್ಷವಿಡೀ ಕೆಲಸ ಮಾಡಿಕೊಟ್ಟು ಸುಗ್ಗಿಯಲ್ಲಿ ಕಣದಿಂದ ಕಾಳಿನ ರೂಪದಲ್ಲಿ ಆಯ ಪಡೆಯುತ್ತಿದ್ದ ಆ ವ್ಯವಸ್ಥೆಯಲ್ಲಿ ಕಂಬಾರನ ಕುಲುಮೆ ಆರದೆ ಉಳಿದದ್ದು ನೇಗಿಲ ಕುಳ, ಕುಂಟೆಯ ಕುಡಗಳು ಮಣ್ಣಿನಲ್ಲಿ ಸವೆಯುತ್ತಿದ್ದುದರಿಂದ. ರೈತ ಕುಡ ಹಣಿಸಲು ಮತ್ತೆ ಮತ್ತೆ ಬರಲೇಬೇಕಿತ್ತು. ಬಂದಾಗ ತನ್ನ ಹೊಲದ ಮಣ್ಣು ಎಂಥದು ಎಂದು ಹೇಳುತ್ತಿದ್ದ. ಕಂಬಾರ ಅದಕ್ಕೆ ತಕ್ಕಂತೆ ಮೊನೆ ಮಾಡುತ್ತಿದ್ದ. ಸವೆಯದ ಕುಳವನ್ನು ಯಾರಾದರೂ ತಂದಿದ್ದರೆ ಆಯವೂ ನಿಲ್ಲುತ್ತಿತ್ತು, ಕುಲುಮೆಯೂ ಆರುತ್ತಿತ್ತು. ರೂನ್ ಪ್ಲೇಟ್‌ಬಾಡಿ ಸವೆಯುವುದಿಲ್ಲ.

ಸವೆತದ ಈ ಸತ್ಯವನ್ನು ಅರಿತು ಕಟ್ಟಿದ ಆಟಗಳಿವೆ. ಐಸ್‌ಲೆಂಡಿನಲ್ಲಿ ಹುಟ್ಟಿ 2003ರಿಂದ ನಡೆಯುತ್ತಿರುವ ಈವ್ ಆನ್‌ಲೈನ್‌ನಲ್ಲಿ ಬಾಹ್ಯಾಕಾಶದ ಹಡಗುಗಳನ್ನು ಬಹುತೇಕ ಆಟಗಾರರೇ ಕಟ್ಟುತ್ತಾರೆ, ನಾಶವಾದ ಹಡಗು ಮರಳಿ ಬರುವುದಿಲ್ಲ. 2014ರ ಜನವರಿಯ ಒಂದೇ ಕದನದಲ್ಲಿ ಟೈಟನ್ ಎಂಬ ಅತಿ ದೊಡ್ಡ ವರ್ಗದ 75 ಹಡಗುಗಳು ಉರುಳಿದಾಗ, ಕಟ್ಟುವವರಿಗೆ ಬಹುಕಾಲದ ಕೆಲಸ ಹುಟ್ಟಿತು. ಫೋನಿನಲ್ಲಿ ಸಿಗುವ ಆಲ್ಬಿಯನ್ ಆನ್‌ಲೈನ್ ಇದೇ ತತ್ವವನ್ನು ಇನ್ನೂ ಅಚ್ಚುಕಟ್ಟಾಗಿ ಪಾಲಿಸುತ್ತದೆ. ಅಲ್ಲಿಯ ಅಪಾಯದ ವಲಯಗಳಲ್ಲಿ ಸತ್ತವನ ಮೈಮೇಲಿದ್ದ ವಸ್ತುಗಳಲ್ಲಿ ಕೆಲವು ನಾಶವಾಗುತ್ತವೆ, ಉಳಿದವು ಕೊಂದವನ ಪಾಲಾಗುತ್ತವೆ. ಪ್ರತಿ ನಗರಕ್ಕೂ ತನ್ನದೇ ಸಂತೆ, ತನ್ನದೇ ಬೆಲೆ. ಒಂದೊಂದು ನಗರವೂ ಕೆಲವು ಬಗೆಯ ತಯಾರಿಕೆಗೆ ಹೆಚ್ಚು ಅನುಕೂಲ ಮಾಡಿಕೊಡುತ್ತದೆ, ಹಾಗಾಗಿ ಎಲ್ಲಿ ಮಾಡಿ ಎಲ್ಲಿಗೆ ಹೊತ್ತು ಮಾರಬೇಕು ಎಂಬುದು ದಾರಿಯ ಅಪಾಯವನ್ನೂ ತೂಗಿ ತೀರ್ಮಾನಿಸಬೇಕಾದ ವಿಷಯ. ಎಲ್ಲಕ್ಕಿಂತ ಮೆಚ್ಚತಕ್ಕದ್ದು ಕಾರ್ಲಿಯನ್ ನಗರದ ಬ್ಲ್ಯಾಕ್ ಮಾರ್ಕೆಟ್ ಎಂಬ ಏರ್ಪಾಡು. ಆಟವೇ ಅಲ್ಲಿ ತಯಾರಕರಿಂದ ಮಾಲು ಕೊಂಡು, ಅದನ್ನೇ ರಾಕ್ಷಸರಿಂದ ಉದುರುವ ಲೂಟಿಯಾಗಿ ಹಂಚುತ್ತದೆ. ರೂನ್‌ಸ್ಕೇಪಿನಲ್ಲಿ ರಾಕ್ಷಸ ಕಂಬಾರನ ಎದುರಾಳಿ; ಇಲ್ಲಿ ರಾಕ್ಷಸನೂ ಅವನ ಗಿರಾಕಿ.

ಎದುರು ಪಕ್ಷಕ್ಕೆ ಸಲ್ಲಬೇಕಾದ ಮಾತುಗಳನ್ನೂ ಹೇಳಬೇಕು. ಓಲ್ಡ್ ಸ್ಕೂಲ್ ರೂನ್‌ಸ್ಕೇಪಿಗೆ 2014ರಲ್ಲಿ ಬಂದ ಐರನ್‌ಮ್ಯಾನ್ ಎಂಬ ಬಗೆಯಲ್ಲಿ ಇತರರೊಡನೆ ವ್ಯಾಪಾರವೇ ನಿಷಿದ್ಧವಾದುದರಿಂದ ತಯಾರಿಕೆಗೆ ಒಂದಿಷ್ಟು ಅರ್ಥ ಮರಳುತ್ತದೆ. 2013ರಲ್ಲಿ ಹೊಸರೂಪ ಪಡೆದ ಫೈನಲ್ ಫ್ಯಾಂಟಸಿ 14ರಲ್ಲಿ ಎಂಟು ಕಸಬುಗಳಿದ್ದು, ವಸ್ತು ಮುರಿಯುವ ಮುನ್ನ ಕೆಲಸವನ್ನೂ ಗುಣವನ್ನೂ ಜೊತೆಜೊತೆಗೆ ಏರಿಸಿಕೊಂಡು ಹೋಗುವ ಲೆಕ್ಕಾಚಾರ ಚೊಕ್ಕವಾಗಿದೆ. ಆದರೆ ಇನ್ನೊಬ್ಬರು ಕಂಡುಹಿಡಿದ ಕ್ರಮವನ್ನು ನಕಲು ಮಾಡಿ ಒಂದೆರಡು ಗುಂಡಿಗಳಲ್ಲಿ ಓಡಿಸಲು ಆಟವೇ ಅನುಮತಿಸಿರುವುದರಿಂದ ಆ ಲೆಕ್ಕಾಚಾರ ಹೆಚ್ಚಿನವರ ಪಾಲಿಗೆ ಇಲ್ಲವಾಗುತ್ತದೆ. 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಮಾಲಿನ ಗುಣಮಟ್ಟದ ದರ್ಜೆಗಳನ್ನೂ ಗಿರಾಕಿ ನೇರವಾಗಿ ಕೆಲಸ ಒಪ್ಪಿಸುವ ವ್ಯವಸ್ಥೆಯನ್ನೂ ತಂದದ್ದು 2022ರಲ್ಲಿ. ಹದಿನೆಂಟು ವರ್ಷ ತಡವಾಗಿ ಬಂದ ಈ ತಿದ್ದುಪಡಿ ಹಿಂದಿನದರ ಕೊರತೆಗೆ ಸಾಕ್ಷಿಯೇ ಹೊರತು ಸಮರ್ಥನೆಯಲ್ಲ.

ಆದ್ದರಿಂದ ಕಸಬು ಹಿಡಿಯುವ ಮುನ್ನ ಆಟಗಾರ ಮೂರು ಸಂಗತಿಗಳನ್ನು ವಿಚಾರಿಸಿಕೊಳ್ಳಬೇಕು: ಮಾಡಿದ ವಸ್ತು ಸವೆಯುತ್ತದೆಯೇ ಅಥವಾ ಕಳೆದುಹೋಗುತ್ತದೆಯೇ, ಅದೇ ವಸ್ತುವನ್ನು ರಾಕ್ಷಸರು ಪುಕ್ಕಟೆಯಾಗಿ ಹಂಚುತ್ತಾರೆಯೇ, ಮಾಡುವವನ ತೀರ್ಮಾನದಿಂದ ವಸ್ತುವಿನಲ್ಲೋ ಅದರ ವಿಲೇವಾರಿಯಲ್ಲೋ ವ್ಯತ್ಯಾಸ ಬೀಳುತ್ತದೆಯೇ. ಈ ಪರೀಕ್ಷೆಯಲ್ಲಿ ಸೋತ ಆಟದಲ್ಲಿ, ಎಂದರೆ ಓಲ್ಡ್ ಸ್ಕೂಲ್ ರೂನ್‌ಸ್ಕೇಪಿನ ಸಾಮಾನ್ಯ ಬಗೆಯಲ್ಲಿ, ಕವಚವನ್ನು ಸಂತೆಯಲ್ಲಿ ಕೊಂಡು ಕಥಾಭಾಗಗಳ ಕಡೆಗೆ ನಡೆಯುವುದೇ ಸರಿ. ಆ ಆಟದ ನಿಜವಾದ ಪ್ರತಿಭೆ ಇರುವುದೂ ಅಲ್ಲಿಯೇ. ಆಲ್ಬಿಯನ್ ಹಿಡಿದವನು ಒಂದು ನಗರ, ಒಂದು ಬಗೆಯ ಮಾಲು ಎಂದು ನಿಶ್ಚಯಿಸಿಕೊಂಡು ಕುಲುಮೆಯ ಮುಂದೆ ಕೂರಬಹುದು, ಅವನ ಗಂಟೆ ವ್ಯರ್ಥವಾಗದು. ಇಡೀ ದಿನ ಬೇರೆಯವರ ಕೆಲಸಕ್ಕೆ ಮೀಸಲಾಗಿ ಉಳಿದ ಒಂದು ಗಂಟೆಯನ್ನು ಕೇಳುವ ಯಾವ ಆಟವಾದರೂ, ಆ ಗಂಟೆಯಲ್ಲಿ ಒಂದಾದರೂ ನಿಜವಾದ ತೀರ್ಮಾನವನ್ನು ಆಡುವವನ ಕೈಗೆ ಕೊಡಬೇಕು. ಕೊಡದ ಆಟಕ್ಕೆ ಆ ಗಂಟೆಯನ್ನು ಕೇಳುವ ಹಕ್ಕಿಲ್ಲ.