ಯಂತ್ರದ ಸಖ್ಯ, ಮಗುವಿನ ಹಿತ

ಜನರೊಡನೆ ಬೆರೆಯಲು ಕಷ್ಟಪಡುವ ಮಗುವನ್ನು ಯಂತ್ರವೊಂದು ಜನರ ಬಳಿಗೆ ಕರೆತರಬಲ್ಲುದೇ? ಆಟಿಸಂ ಇರುವ ಮಕ್ಕಳ ಚಿಕಿತ್ಸೆಯಲ್ಲಿ ರೋಬೋಟನ್ನು ಬಳಸುವವರು ಹೌದೆನ್ನುತ್ತಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಬ್ರಯನ್ ಸ್ಕ್ಯಾಸೆಲಾಟಿ ಮತ್ತು ಸಂಗಡಿಗರು 2018ರಲ್ಲಿ ‘ಸೈನ್ಸ್ ರೊಬಾಟಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಈ ವಾದಕ್ಕೆ ಒಂದು ಮುಖ್ಯ ಆಧಾರ. ಅದನ್ನು ಬೆರಗಿನಿಂದಲ್ಲ, ವಿವೇಕದಿಂದ ಓದಬೇಕಾಗಿದೆ.

6ರಿಂದ 12 ವರ್ಷ ವಯಸ್ಸಿನ 12 ಮಕ್ಕಳ ಮನೆಗಳಲ್ಲಿ, 30 ದಿನಗಳ ಕಾಲ, ದಿನಕ್ಕೆ 30 ನಿಮಿಷ, ರೋಬೋಟ್ ಕಥೆ ಹೇಳಿತು, ಆಟವಾಡಿಸಿತು. ಎದುರಿನವರ ಕಡೆ ಹೇಗೆ ನೋಡಬೇಕೆಂಬುದನ್ನು ತಾನೇ ನೋಡಿ ತೋರಿಸಿತು. ರೋಬೋಟ್ ಎದುರಿಗಿಲ್ಲದಾಗಲೂ ಹಿರಿಯರೊಡನೆ ಗಮನವನ್ನು ಹಂಚಿಕೊಳ್ಳುವ ಶಕ್ತಿ ಮಕ್ಕಳಲ್ಲಿ ಹೆಚ್ಚಿತೆಂಬುದು ಫಲಿತಾಂಶ. ಪೋಷಕರನ್ನೂ ಆಟದೊಳಗೆ ಸೇರಿಸಿಕೊಂಡದ್ದು ಈ ಪ್ರಯೋಗದ ಹಿರಿಮೆ. ಆದರೆ ಮಕ್ಕಳ ಸಂಖ್ಯೆ ಅಲ್ಪ. ಹೋಲಿಸಿ ನೋಡಲು ರೋಬೋಟ್ ಇಲ್ಲದ ಬೇರೊಂದು ಗುಂಪಿರಲಿಲ್ಲ. ಆದುದರಿಂದ ಫಲ ನೀಡಿದ್ದು ಯಂತ್ರವೋ, ತಿಂಗಳ ಕಾಲ ಪ್ರತಿದಿನವೂ ಮಗುವಿನ ಬಳಿ ಕುಳಿತ ಪೋಷಕರೋ ಎಂಬ ಪ್ರಶ್ನೆ ಉಳಿದೇ ಇದೆ.

ಸುರಕ್ಷತೆಯೆಂದರೆ ಬೆರಳು ಸಿಕ್ಕಿಕೊಳ್ಳದಂತೆ ನೋಡುವುದಷ್ಟೇ ಅಲ್ಲ. ಹಠಾತ್ ಸದ್ದು, ಮಿನುಗುವ ಬೆಳಕು ಕೆಲವು ಮಕ್ಕಳಿಗೆ ಅಸಹ್ಯ ಹಿಂಸೆ; ಬೇಡವೆಂದು ಮಗು ಹಿಂದೆ ಸರಿದರೆ ಆಟ ನಿಲ್ಲಬೇಕು. ಯಂತ್ರದ ಕ್ಯಾಮೆರಾ ಮನೆಯೊಳಗನ್ನು ನೋಡುತ್ತದೆ. ಮಕ್ಕಳ ಮಾಹಿತಿಗೆ ಪೋಷಕರ ಸಮ್ಮತಿ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ವಿಧಿಸಿದೆ. ಇನ್ನು ಅಗಲಿಕೆಯ ಪ್ರಶ್ನೆ. 2024ರ ಡಿಸೆಂಬರಿನಲ್ಲಿ ಅಮೆರಿಕದ ಎಂಬಾಡೀಡ್ ಸಂಸ್ಥೆ ಬಾಗಿಲು ಮುಚ್ಚುವುದಾಗಿ ಸಾರಿದಾಗ, ದೂರದ ಗಣಕಗಳನ್ನು ನೆಚ್ಚಿದ್ದ ‘ಮಾಕ್ಸಿ’ ರೋಬೋಟುಗಳು ಮೂಕವಾಗುವ ಭೀತಿ ಮಕ್ಕಳಿದ್ದ ಮನೆಗಳನ್ನು ಆವರಿಸಿತು. ದಿನಚರಿಯ ಸಣ್ಣ ಬದಲಾವಣೆಗೂ ಕಳವಳಗೊಳ್ಳುವ ಮಗುವಿಗೆ ಗೆಳೆಯನ ಈ ಮೌನವನ್ನು ವಿವರಿಸುವವರು ಯಾರು?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕುಟುಂಬಗಳಿಗೆ ಈ ವಿಮರ್ಶೆ ದೂರದ ಮಾತಲ್ಲ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ಮಗುವನ್ನು ಕರೆದೊಯ್ಯಬೇಕಾದರೆ ತಾಯಿತಂದೆಯರಿಗೆ ಒಂದು ದಿನದ ದುಡಿಮೆಯೇ ತಪ್ಪುತ್ತದೆ. ಇಂತಹ ಊರಿಗೆ ದಾನಿಗಳು ರೋಬೋಟ್ ಕೊಡಿಸಿದರೆ ಅದರ ಮೇಲೆ ಹೆಸರು ಕೆತ್ತಿಸುವುದು ಸುಲಭ. ಕನ್ನಡದಲ್ಲಿ ಮಗುವಿನೊಡನೆ ಮಾತನಾಡಬಲ್ಲ ತರಬೇತಾದ ಚಿಕಿತ್ಸಕರಿಗೆ ವರ್ಷವರ್ಷವೂ ವೇತನ ಕೊಡುವುದು ಕಠಿಣ. ಕಠಿಣವಾದುದೇ ಮೊದಲಾಗಬೇಕು. ಆ ಬಳಿಕ ಬಂದ ಯಂತ್ರವು ಚಿಕಿತ್ಸಕರ ಕೈಯಲ್ಲಿ ಉಪಯುಕ್ತ ಸಾಧನವಾದೀತು. ಅವರ ಬದಲಿಗೆ ಬಂದ ಯಂತ್ರವು ಮಗುವನ್ನು ಇನ್ನಷ್ಟು ಒಂಟಿಯಾಗಿಸೀತು. ರೋಬೋಟನ್ನು ಬದಿಗಿಟ್ಟ ದಿನವೂ ಮಗು ಮನೆಯವರತ್ತ ತಿರುಗುವುದೇ ಎಂಬುದೊಂದೇ ಅದರ ನಿಜವಾದ ಪರೀಕ್ಷೆ.